ಈ ಒಂದನ್ನು ಸಹಿಸಿಕೊಳ್ಳಬೇಡ, ತಂಗಿ

ತಂಗೀ, ಮಲೆನಾಡಿನ ಹೆಂಗಸಿಗೆ ಸಹನೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆಷಾಢದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೂ ಒದ್ದೆ ಸೌದೆಯಲ್ಲೇ ಒಲೆ ಹೊತ್ತಿಸುತ್ತೀಯ. ಕೊನೆಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಆಳುಗಳಿಗೆ ಬೇಯಿಸಿ ಹಾಕಿ, ರಾತ್ರಿ ಅಡಿಕೆ ಸುಲಿಯಲು ಕೂರುತ್ತೀಯ. ಅತ್ತೆಯ ಕಾಯಿಲೆ, ಮಗಳ ಬಾಣಂತನ, ಮಾವನ ತಿಥಿ, ಯಾವುದಕ್ಕೂ 'ಆಗುವುದಿಲ್ಲ' ಎಂದವಳಲ್ಲ. ಹಾಗಾಗಿ ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮನಸ್ಸು ಕುಸಿದರೆ ಅದನ್ನೂ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತೀಯ. ಆ ಒಂದನ್ನು ಮಾತ್ರ ಸಹಿಸಿಕೊಳ್ಳಬೇಡ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನನಗೆ ನೆಂಟರಿಷ್ಟರಿದ್ದಾರೆ. ಮದುವೆ, ಉಪನಯನದ ಮನೆಗಳಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಹೆಂಗಸರು ಹಿತ್ತಲ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾರಲ್ಲ, ಆಗ ನಲವತ್ತೈದು ದಾಟಿದ ಒಬ್ಬಳಾದರೂ ಮೆಲ್ಲಗೆ ಹೇಳುತ್ತಾಳೆ: "ಎಂತದೂ ಇಲ್ಲ ಅಕ್ಕ, ಸುಮ್ಮನೆ ಬೇಜಾರು." ಪಕ್ಕಕ್ಕೆ ಕರೆದು ಬಿಡಿಸಿ ಕೇಳಿದರೆ ಹೊರಬರುವುದು ಬರೀ ಬೇಜಾರಲ್ಲ. ನಡುರಾತ್ರಿ ಎದೆಯಿಂದ ಮುಖದವರೆಗೆ ಬಿಸಿ ಏರಿ, ಬೆವರಿ, ಹೊದಿಕೆ ಒದ್ದು ಎದ್ದು ಕೂತರೆ ಮತ್ತೆ ಬೆಳಗಿನವರೆಗೆ ನಿದ್ದೆಯಿಲ್ಲ. ದೋಸೆ ಹುಯ್ಯುವಾಗ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಪ್ರತಿ ಮಳೆಗಾಲಕ್ಕೂ ಆಸೆಯಿಂದ ನೆಡುತ್ತಿದ್ದ ಡೇರೆ ಗೆಡ್ಡೆಗಳನ್ನು ಈ ವರ್ಷ ಮಣ್ಣಿಗೆ ಹಾಕಲೇ ಇಲ್ಲ. ಗಂಡ ಒಂದು ಮಾತು ಆಡಿದರೆ ಸಿಡಿದೇಳುತ್ತಾಳೆ, ಆಮೇಲೆ ದಿನವಿಡೀ 'ನಾನೇ ಕೆಟ್ಟವಳು' ಎಂದು ಕೊರಗುತ್ತಾಳೆ. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ತನಗೆ ಈಗಲೇ ಅರಳುಮರಳು ಶುರುವಾಯಿತೆಂದು ಹೆದರುತ್ತಾಳೆ. ಇಷ್ಟೆಲ್ಲ ಹೇಳಿದ ಮೇಲೂ ಕೊನೆಗೆ, "ಹೋಗಲಿ ಬಿಡಿ, ವಯಸ್ಸಾಯಿತಲ್ಲ" ಎಂದು ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ.

ವಯಸ್ಸಿನಿಂದ ಮೈಯಲ್ಲಿ ಒಂದು ಬದಲಾವಣೆ ಆಗುತ್ತಿರುವುದು ನಿಜ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47 ವರ್ಷಕ್ಕೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ಆದರೆ ಮನಸ್ಸಿಗೆ ಹೆಚ್ಚು ಕಷ್ಟವಾಗುವುದು ಅದಕ್ಕೆ ಮೊದಲಿನ ಕೆಲವು ವರ್ಷಗಳಲ್ಲಿ. ಒಂದು ತಿಂಗಳು ಬೇಗ, ಇನ್ನೊಂದು ತಿಂಗಳು ತಡ, ಮತ್ತೊಮ್ಮೆ ಎರಡು ತಿಂಗಳು ಇಲ್ಲವೇ ಇಲ್ಲ ಎನ್ನುವ ಆ ಅವಧಿಯಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ನಮ್ಮ ಮಳೆಗಾಲದ ವೋಲ್ಟೇಜಿನ ಹಾಗೆ ಏರಿಳಿಯುತ್ತದೆ. ಈ ಹಾರ್ಮೋನಿನ ಕೆಲಸ ಗರ್ಭಕೋಶದಲ್ಲಿ ಮುಗಿಯುವುದಿಲ್ಲ. ಮನಸ್ಸನ್ನು ಹದವಾಗಿಡುವ ಸೆರೊಟೋನಿನ್‌ನಂಥ ಮಿದುಳಿನ ರಾಸಾಯನಿಕಗಳ ಮೇಲೆ, ನಿದ್ದೆಯ ಮೇಲೆ, ಮೈಶಾಖವನ್ನು ಕಾಯುವ ಮಿದುಳಿನ ಭಾಗದ ಮೇಲೆ ಅದರ ಪ್ರಭಾವವಿದೆ. ಅದು ಏರಿಳಿದಾಗ ಬಿಸಿ ಏರುತ್ತದೆ, ಬಿಸಿಯಿಂದ ನಿದ್ದೆ ಕೆಡುತ್ತದೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನಸ್ಸು ಕುಸಿಯುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಬಹಳಷ್ಟು ಹೆಂಗಸರು ಖಿನ್ನತೆಗೆ ಬೀಳದೆಯೇ ಈ ವರ್ಷಗಳನ್ನು ದಾಟುತ್ತಾರೆ. ಹಿಂದೆ ಒಮ್ಮೆ ಮನಸ್ಸು ಕೆಟ್ಟವರಿಗೆ, ಬಾಣಂತನದಲ್ಲಿ ಖಿನ್ನತೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ನಿನ್ನ ಮೊದಲ ಬಾಣಂತನದಲ್ಲಿ ಮಗುವಿನ ಮುಖ ನೋಡಲೂ ಮನಸ್ಸಿಲ್ಲದೆ ಗೋಡೆ ಕಡೆ ತಿರುಗಿ ಮಲಗಿದ್ದು, 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸಿದ್ದು ಏನಾದರೂ ಇದ್ದರೆ, ಇಪ್ಪತ್ತೈದು ವರ್ಷ ಹಳೆಯ ಕಥೆ ಎಂದು ಮುಚ್ಚಿಡಬೇಡ. ಡಾಕ್ಟರಿಗೆ ಅದನ್ನು ಮೊದಲು ಹೇಳು.

ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ, ವೈದ್ಯೆಯೂ ಲೇಖಕಿಯೂ ಆಗಿ ಬೆಳೆದ ಅನುಪಮಾ ನಿರಂಜನ ಅವರನ್ನು ನಾವು ಓದಿಕೊಂಡು ಬಂದವರು. ಹದಿಹರೆಯದವಳಿಗೆ 'ಕೇಳು ಕಿಶೋರಿ', ಮದುವೆಯಾಗುವವಳಿಗೆ 'ವಧುವಿಗೆ ಕಿವಿಮಾತು', ಹೆತ್ತವಳಿಗೆ 'ತಾಯಿ–ಮಗು' ಎಂದು, ಹೆಣ್ಣು ತನ್ನ ದೇಹದ ವಿಷಯವನ್ನು ನಾಚಿಕೆಯಿಲ್ಲದೆ ತಿಳಿದುಕೊಳ್ಳಬೇಕೆಂದು ಕನ್ನಡದಲ್ಲಿ ಬಿಡಿಸಿ ಬರೆದರು. 1991ರಲ್ಲಿ ಅವರು ಹೋದರು. ಅವರ ಪುಸ್ತಕ ಓದಿ ಬೆಳೆದ ನಮ್ಮ ಕಾಲದ ಹುಡುಗಿಯರೇ ಈಗ ಐವತ್ತು, ಅರವತ್ತು, ಎಪ್ಪತ್ತರಲ್ಲಿದ್ದೇವೆ. ಮೊದಲ ಮುಟ್ಟಿನ ಬಗ್ಗೆ ಮಗಳಿಗೆ ಹೇಳಲು ಅವರಿಂದ ಕಲಿತೆವು. ಕೊನೆಯ ಮುಟ್ಟಿನ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇನ್ನೂ ಬಾಯಿ ಬರುತ್ತಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಹಾರ್ಮೋನಿನ ಮೇಲೆ ಎಲ್ಲ ಹೊರೆಯನ್ನೂ ಹಾಕಿ ಕೂರುವುದೂ ಸರಿಯಲ್ಲ. ಆ ವಯಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಏನೇನು ಒಟ್ಟಿಗೆ ಬಂದು ಬೀಳುತ್ತದೆ ನೋಡು. ಮಗಳು ಪಿಯುಸಿಗೆಂದು ಹಾಸ್ಟೆಲಿಗೆ ಹೋದವಳು ಬೆಂಗಳೂರಿನಲ್ಲಿ ಕೆಲಸ ಹಿಡಿದು, ಹಬ್ಬಕ್ಕೆ ಎರಡು ದಿನ ಬಂದು ಹೋಗುತ್ತಾಳೆ. ತೋಟ ನೋಡಿಕೊಂಡು ಊರಲ್ಲೇ ಉಳಿದ ಮಗನಿಗೆ ಮೂವತ್ತೈದಾದರೂ ಹೆಣ್ಣು ಸಿಗುವುದಿಲ್ಲ, ಆ ಚಿಂತೆ ತಾಯಿಗೇ ಹೆಚ್ಚು. ಎಲೆಚುಕ್ಕಿ ರೋಗ ಬಂದು ತೋಟ ಕೆಂಪಾಗಿ ನಿಂತಿದೆ, ಸೊಸೈಟಿಯ ಸಾಲ ಹಾಗೇ ಇದೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಇದರ ಮೇಲೆ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ಕಾಣುವುದೇ ಅಪರೂಪ. ಗುಡ್ಡಕ್ಕೊಂದು ಒಂಟಿ ಮನೆ, ಫೋನಿಗೆ ಸಿಗ್ನಲ್ ಬೇಕೆಂದರೆ ಗೇಟಿನವರೆಗೆ ಹೋಗಬೇಕು. ಪಟ್ಟಣದ ಹೆಂಗಸು ಬಾಗಿಲು ತೆರೆದರೆ ಪಕ್ಕದ ಮನೆಯವಳು ಕಾಣುತ್ತಾಳೆ. ನಿನಗೆ ಕಾಣುವುದು ಅಂಗಳದ ಹಾವಸೆ ಮತ್ತು ಮಳೆ.

ಇನ್ನೊಂದು ಸಂಗತಿಯನ್ನು ನಾವು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೊರಗೆ ಕೂರುವ ಪದ್ಧತಿ ಇದ್ದ ಮನೆಗಳಲ್ಲಿ ಆ ಮೂರು ದಿನ ಅವಮಾನದ್ದೂ ಆಗಿತ್ತು, ವಿಶ್ರಾಂತಿಯದ್ದೂ ಆಗಿತ್ತು. ಪದ್ಧತಿಯನ್ನು ಮೆಚ್ಚಿ ಈ ಮಾತು ಹೇಳುತ್ತಿಲ್ಲ, ಅದು ಹೋದದ್ದೇ ಒಳ್ಳೆಯದು. ಆದರೆ ಮುಟ್ಟು ನಿಂತ ಹೆಂಗಸು ವರ್ಷದ 365 ದಿನವೂ ಅಡುಗೆಗೆ, ಮಡಿಗೆ, ದೇವರ ನೈವೇದ್ಯಕ್ಕೆ ಸಿಗುವವಳಾಗುತ್ತಾಳೆ. 'ಈಗ ನಿನಗೆ ತೊಂದರೆ ಇಲ್ಲವಲ್ಲ' ಎಂದು ನೆಂಟರ ಮನೆಯ ಕಾರ್ಯಗಳಿಗೂ ಕರೆಯುತ್ತಾರೆ. ದೇಹ ದಣಿದಿರುವ ಕಾಲದಲ್ಲೇ ಕೆಲಸ ಹೆಚ್ಚುತ್ತದೆ. ತಿಂಗಳಿಗೆ ಮೂರು ದಿನ ನಿನ್ನದೇ ರಜೆ ಎಂದು ನೀನೇ ಗೊತ್ತು ಮಾಡಿಕೊ. ಯಾವ ಮೈಲಿಗೆಯ ನೆಪವೂ ಬೇಡ, 'ನನಗೆ ಸುಸ್ತು' ಎಂದರೆ ಸಾಕು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಬೇಜಾರು ಎಲ್ಲರಿಗೂ ಬರುತ್ತದೆ, ತವರಿಗೆ ಹೋಗಿ ಬಂದರೆ, ಒಂದು ಯಕ್ಷಗಾನ ನೋಡಿದರೆ ಇಳಿಯುತ್ತದೆ. ಎರಡು ವಾರಕ್ಕೂ ಮೀರಿ, ದಿನದ ಹೆಚ್ಚು ಹೊತ್ತು ಮನಸ್ಸು ಕತ್ತಲಾಗಿದ್ದರೆ, ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ಅದರ ಜೊತೆ ನಿದ್ದೆ, ಹಸಿವು, ಗಮನ ಕೆಟ್ಟು 'ನಾನು ಯಾರಿಗೂ ಬೇಡದವಳು' ಎಂಬ ಭಾವ ಕೂತರೆ ಅದು ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. ಗಟ್ಟಿ ಮನಸ್ಸು ಮಾಡಿಕೊ ಎಂದು ಹೇಳುವವರ ಮಾತನ್ನು ಕೇಳಬೇಡ. ಮಂಗನ ಕಾಯಿಲೆ ಬಂದವಳಿಗೆ ಗಟ್ಟಿ ಮನಸ್ಸು ಮಾಡಿಕೊ ಎಂದು ಯಾರಾದರೂ ಹೇಳುತ್ತಾರೆಯೇ? 2019ರಲ್ಲಿ ಸಾಗರದ ಅರಳಗೋಡು ಸುತ್ತ ಆ ಜ್ವರ ಹಬ್ಬಿದಾಗ ಮೈ ಬಿಸಿಯಾದರೆ ಸಾಕು, ಆಸ್ಪತ್ರೆಗೆ ಓಡುತ್ತಿದ್ದೆವು.

ಮೊದಲು ತಾಲ್ಲೂಕು ಆಸ್ಪತ್ರೆಗೋ ನಿನಗೆ ಗುರುತಿರುವ ಡಾಕ್ಟರ ಹತ್ತಿರವೋ ಹೋಗು. ಥೈರಾಯ್ಡ್, ರಕ್ತದ ಹಿಮೋಗ್ಲೋಬಿನ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಲು ಕೇಳು. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಮರೆವು, ಅಳು ಎಲ್ಲ ಹೀಗೆಯೇ ಬರುತ್ತವೆ. ಮುಟ್ಟು ನಿಲ್ಲುವ ಮುಂಚೆ ವಿಪರೀತ ಸ್ರಾವವಾಗಿ ರಕ್ತ ಕಡಿಮೆಯಾದವರು ಮೆಟ್ಟಿಲು ಹತ್ತಲಾರದೆ, ಎಲ್ಲವೂ ಮನಸ್ಸಿನದೇ ಎಂದುಕೊಂಡಿರುತ್ತಾರೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡ, ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸು.

ಮನೋವೈದ್ಯರೆಂದರೆ ಈಗಲೂ ನಮ್ಮವರಿಗೆ ಹೆದರಿಕೆ. ಆದರೆ ಈ ಸೀಮೆಗೆ ಮನೋವೈದ್ಯ ಹೊಸದೇನಲ್ಲ. ಶಿವಮೊಗ್ಗದ ಡಾ. ಕೆ.ಎ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಯುವಂತೆ ಬರೆದರು, ಮಾತಾಡಿದರು, 'ಕಾಡಿನ ಬೆಂಕಿ'ಯಂಥ ಸಿನಿಮಾವನ್ನೂ ನಿರ್ಮಿಸಿದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಂತೂ 2005ರಿಂದ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಯೋಜನೆ ನಡೆಸಿದರು. ವರ್ಷಗಟ್ಟಲೆ ಮದ್ದಿಲ್ಲದೆ ಉಳಿದಿದ್ದವರು ಚಿಕಿತ್ಸೆ ಸಿಕ್ಕ ಮೇಲೆ ಮತ್ತೆ ಕೆಲಸಕ್ಕೆ, ಮನೆಯವರ ನಡುವಿಗೆ ಬಂದ ಉದಾಹರಣೆಗಳು ಇದೇ ಮಣ್ಣಿನಲ್ಲಿವೆ. ಅಷ್ಟು ದೊಡ್ಡ ಕಾಯಿಲೆಗೇ ಇಲ್ಲಿ ದಾರಿ ಸಿಕ್ಕಿರುವಾಗ ನಿನ್ನ ಖಿನ್ನತೆಗೆ ಸಿಗದೆ ಇರುತ್ತದೆಯೇ?

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿನ್ನ ಆಸ್ಪತ್ರೆಗೆ ಯಾವ ಮಂಗಳವಾರ ಎನ್ನುವುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವೇ ಇದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು ಎನ್ನುವುದು ನನಗೂ ಗೊತ್ತು, ಸಮಯ ನೋಡಿಕೊಂಡು ಹೊರಡು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದ ತುಮರಿ ಕಡೆಯವರಿಗೆ 2025ರ ಜುಲೈನಿಂದ ಸೇತುವೆಯೇ ಆಗಿದೆ. ಎಲ್ಲಿಗೂ ಹೋಗಲಾರೆ ಎನ್ನುವ ದಿನ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೆಸರು ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಬೇಡ.

ಮಾತ್ರೆಯ ಬಗ್ಗೆ ನಿನ್ನ ಮನಸ್ಸಿನಲ್ಲಿರುವ ಭಯ ನನಗೆ ಗೊತ್ತು: 'ಒಮ್ಮೆ ಶುರು ಮಾಡಿದರೆ ಜೀವನವಿಡೀ ನುಂಗಬೇಕು, ಚಟವಾಗುತ್ತದೆ.' ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಚಟವಾಗುವುದು ಯಾರದೋ ಮನೆಯಿಂದ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ನಿದ್ದೆ ಮಾತ್ರೆ, ಅದನ್ನು ಮುಟ್ಟಬೇಡ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಳಮಳ ಆಗಬಹುದು. ಇಲ್ಲೇ ನಮ್ಮವರು ತಪ್ಪುವುದು. ನಾಲ್ಕು ದಿನ ನುಂಗಿ, ಆಗಿಬರುವುದಿಲ್ಲ ಎಂದು ಡಬ್ಬಿ ಎತ್ತಿಡುತ್ತಾರೆ. ಇಲ್ಲವೇ ತಿಂಗಳಲ್ಲಿ ಹಗುರಾಯಿತೆಂದು ತಾವೇ ನಿಲ್ಲಿಸುತ್ತಾರೆ. ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಈ ಗುಂಪಿನ ಕೆಲವು ಔಷಧಿಗಳು ಮೈ ಬಿಸಿಯೇರುವುದನ್ನೂ ತಗ್ಗಿಸುತ್ತವೆ. ಮಾತಿನ ಚಿಕಿತ್ಸೆಯೂ ಇದೆ. ಯೋಚನೆ ಒಂದೇ ಸುಳಿಯಲ್ಲಿ ತಿರುಗುವುದನ್ನು ಬಿಡಿಸಲು ಆಪ್ತಸಮಾಲೋಚಕರು ಕಲಿಸುತ್ತಾರೆ.

ಬಿಸಿ, ಬೆವರು ತಡೆಯಲಾರದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳು. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಆಗದ ಅನೇಕರಿಗೆ ಅದು ಅನುಕೂಲ. ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ, ಲಿವರ್ ಕಾಯಿಲೆಯವರಿಗೆ ಅದು ಸಲ್ಲದು. ಯಾರಿಗೋ ಒಳ್ಳೆಯದಾಯಿತೆಂದು ನೀನಾಗಿ ತೆಗೆದುಕೊಳ್ಳುವ ಮದ್ದಲ್ಲ.

'ಗರ್ಭಕೋಶವನ್ನೇ ತೆಗೆಸಿಬಿಡು, ಎಲ್ಲ ಕಿರಿಕಿರಿಯೂ ಮುಗಿಯುತ್ತದೆ' ಎನ್ನುವ ಸಲಹೆ ಕೊಡುವವರು ಊರಿಗೆ ಹತ್ತು ಜನ ಇದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ನಿಜವಾದ ಕಾರಣವಿದ್ದರೆ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಟ್ಟು ನಿಲ್ಲುವ ಮುಂಚೆ ಅಂಡಾಶಯಗಳನ್ನೂ ಸೇರಿಸಿ ತೆಗೆದರೆ, ವರ್ಷಗಳಲ್ಲಿ ನಿಧಾನಕ್ಕೆ ಆಗಬೇಕಾದದ್ದು ಒಂದೇ ದಿನದಲ್ಲಿ ಆಗುತ್ತದೆ. ಬಿಸಿ, ನಿದ್ದೆಗೇಡು, ಖಿನ್ನತೆ ಇನ್ನೂ ಜೋರಾಗಿ ಬರಬಹುದು. ಬೇಕಿಲ್ಲದ ಇಂಥ ಆಪರೇಷನ್ನುಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರಲ್ಲಿ ಎಲ್ಲ ರಾಜ್ಯಗಳೂ ಮಾರ್ಗಸೂಚಿ ಪಾಲಿಸಬೇಕೆಂದು ಕೋರ್ಟು ಹೇಳಿತು. ಸಹಿ ಹಾಕುವ ಮೊದಲು 'ಯಾಕೆ ತೆಗೆಯುತ್ತೀರಿ, ಅಂಡಾಶಯ ಉಳಿಸುತ್ತೀರಾ, ಬೇರೆ ದಾರಿ ಇಲ್ಲವಾ' ಎಂದು ಕೇಳು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದೂ ಇದೆ, ಆದರೆ ಅದು ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. ಒಂದೆಲಗದ ತಂಬುಳಿ ಉಣ್ಣು, ಒಳ್ಳೆಯದೇ, ಆದರೆ ಖಿನ್ನತೆಗೆ ಅದೇ ಮದ್ದೆಂದು ಕೂರಬೇಡ. ಸಂಜೆ ಐದರ ಮೇಲೆ ಕಾಫಿ ಬಿಡು. ಮಲೆನಾಡಿನವಳಿಗೆ ಕಾಫಿ ಬಿಡು ಎನ್ನುವುದು ಕಷ್ಟ, ಬೆಳಗಿನ ಎರಡು ಲೋಟವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡು. ಮಳೆಗಾಲದಲ್ಲಿ ಹೊಳವಾದ ಅರ್ಧ ಗಂಟೆ ಸಿಕ್ಕರೂ ಕತ್ತಲ ಅಡುಗೆಮನೆಯಿಂದ ಹೊರಗೆ ಬಾ, ಬೆಳಕಿನಲ್ಲಿ ನಡೆ. 'ದಿನವಿಡೀ ಕೊಟ್ಟಿಗೆ–ತೋಟ ಓಡಾಡುತ್ತೇನಲ್ಲ' ಎನ್ನಬೇಡ. ಆ ಓಡಾಟದಲ್ಲಿ ನಿನ್ನ ತಲೆ ತುಂಬ ಕೆಲಸವಿರುತ್ತದೆ. ಕೈಯಲ್ಲಿ ಹುಲ್ಲಿನ ಹೊರೆ ಇಲ್ಲದೆ, ಪಕ್ಕದ ಮನೆಯವಳ ಜೊತೆ ಮಾತಾಡುತ್ತ ನಡೆಯುವುದು ಬೇರೆ.

ಜನರ ನಡುವೆ ಇರುವುದನ್ನು ಬಿಡಬೇಡ. ಖಿನ್ನತೆ ಮೊದಲು ಮಾಡುವ ಕೆಲಸವೇ ನಿನ್ನನ್ನು ಒಳಕೋಣೆಗೆ ತಳ್ಳುವುದು. ಸ್ತ್ರೀಶಕ್ತಿ ಸಂಘದ ಸಭೆಗೆ, ಭಜನೆಗೆ, ಹಾಡು ಹೇಳುವಲ್ಲಿಗೆ ಮನಸ್ಸಿಲ್ಲದಿದ್ದರೂ ಹೋಗು, ಹಾಡದಿದ್ದರೂ ಕೂತು ಬಾ. ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯಲು ಹೆಂಗಸರು ಜೊತೆ ಸೇರುತ್ತಾರಲ್ಲ, ಆ ಗಂಟೆಗಳಲ್ಲಿ ಆಡಿಕೊಳ್ಳುವ ಮಾತು ಎಷ್ಟೋ ಎದೆಗಳನ್ನು ಹಗುರ ಮಾಡಿದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯಲ್ಲಿ ಮಗ್ಗ, ಬಣ್ಣ, ಹೊಲಿಗೆಯ ಕೆಲಸಕ್ಕೆ ಬರುವ ಹಳ್ಳಿಯ ಹೆಂಗಸರನ್ನು ನೋಡಿದಾಗೆಲ್ಲ ನನಗೆ ಅನ್ನಿಸುವುದು, ಸಂಬಳದಷ್ಟೇ ದೊಡ್ಡದು ಅವರಿಗೆ ಅಲ್ಲಿ ಸಿಗುವ ಜೊತೆ.

ಇನ್ನೊಂದು ಮಾತನ್ನು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. 'ಇದ್ದು ಏನು ಪ್ರಯೋಜನ, ಸತ್ತರೆ ಸಾಕು' ಎಂಬ ಯೋಚನೆ ಬಂದಿದೆಯೇ? ಬಂದಿದ್ದರೆ ನೀನು ಪಾಪಿಯೂ ಅಲ್ಲ, ಹೇಡಿಯೂ ಅಲ್ಲ. ಅದು ಕಾಯಿಲೆಯ ಲಕ್ಷಣ, ಚಿಕಿತ್ಸೆಯಿಂದ ಹೋಗುತ್ತದೆ. ಆದರೆ ಆ ಯೋಚನೆಯೊಂದಿಗೆ ಒಂದು ರಾತ್ರಿಯೂ ಒಬ್ಬಳೇ ಇರಬೇಡ. ನಂಬಿಕೆಯ ಒಬ್ಬರಿಗೆ ಹೇಳು, ಆ ಕ್ಷಣವೇ 14416ಕ್ಕೆ ಫೋನ್ ಮಾಡು, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗು. ಮನೆಯವರು ತೋಟದ ಔಷಧಿಗಳನ್ನು ಬೀಗ ಹಾಕಿ ಇಡಬೇಕು, ಕೀಲಿ ಬೇರೆಯವರ ಹತ್ತಿರ ಇರಬೇಕು. ನಮ್ಮಂಥ ಕೃಷಿಕರ ಮನೆಗಳಲ್ಲಿ ಇದು ಜೀವ ಉಳಿಸುವ ಕೆಲಸ.

ಈ ಪುಟ ನಿನ್ನ ಗಂಡನ ಕೈಗೆ ಸಿಕ್ಕರೆ ಅವನಿಗೂ ಎರಡು ಮಾತು. ತಮ್ಮಾ, ಅವಳು ಸಿಡುಕುವುದು ನಿನ್ನ ಮೇಲಿನ ದ್ವೇಷದಿಂದಲ್ಲ. 'ಎಲ್ಲ ಹೆಂಗಸರಿಗೂ ಆಗುವುದೇ, ನಮ್ಮ ಅಮ್ಮ ಏನೂ ಹೇಳಲಿಲ್ಲ' ಎನ್ನಬೇಡ. ನಿನ್ನ ಅಮ್ಮ ಹೇಳಲಿಲ್ಲವಷ್ಟೇ, ಅನುಭವಿಸಲಿಲ್ಲ ಎಂದಲ್ಲ. ಅವಳು ರಾತ್ರಿ ಎದ್ದು ಕೂತಾಗ ನೀನೂ ಎದ್ದು ಒಂದು ಲೋಟ ನೀರು ಕೊಡು. ಹಾಸಿಗೆಯಲ್ಲಿ ಅವಳಿಗೆ ಮನಸ್ಸಿಲ್ಲದಿದ್ದರೆ, ನೋವಾಗುತ್ತಿದ್ದರೆ ಒತ್ತಾಯ ಬೇಡ. ಒಣಗುವುದರಿಂದ ಆಗುವ ಆ ನೋವಿಗೂ ಸ್ತ್ರೀರೋಗ ತಜ್ಞರಲ್ಲಿ ಮದ್ದಿದೆ. ಅಡಿಕೆ ಮಾರಲು ಪೇಟೆಗೆ ಹೋಗುವ ದಿನ ಅವಳನ್ನೂ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಒಳಗೆ ಅವಳೇ ಮಾತಾಡಲಿ, ನೀನು ಹೊರಗೆ ಕಾಯಿ.

ತಂಗೀ, ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊ: ಕೊನೆಯ ಮುಟ್ಟು ಯಾವಾಗ ಆಯಿತು, ನಿದ್ದೆಗೆಟ್ಟು ಎಷ್ಟು ದಿನವಾಯಿತು, ಈಗ ಯಾವ ಯಾವ ಮಾತ್ರೆ ನುಂಗುತ್ತಿದ್ದೀಯ, ಹಿಂದೆ ಎಂದಾದರೂ ಹೀಗಾಗಿತ್ತೇ. ಡಾಕ್ಟರು ಗಂಡಸಾಗಿ ಬಾಯಿ ಬರದಿದ್ದರೆ ಚೀಟಿಯನ್ನೇ ಕೊಡು. ಬರೀ ತಲೆನೋವು, ಸೊಂಟನೋವು ಎಂದು ಹೇಳಿ ಬಿ ಕಾಂಪ್ಲೆಕ್ಸ್ ಮಾತ್ರೆ ಹಿಡಿದುಕೊಂಡು ವಾಪಸ್ ಬರಬೇಡ. ಕೊನೆಕೊಯ್ಲು ಮುಗಿಯಲಿ, ದೇವಕಾರ್ಯ ಕಳೆಯಲಿ ಎಂದು ಮುಂದೂಡಬೇಡ. ಮೊದಲ ಸಲ ತೋರಿಸಿ ಬಂದ ದಿನವೇ ಎರಡನೆಯ ಸಲದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು, ಅವತ್ತು ಮನೆಯಲ್ಲಿ ಅನ್ನಕ್ಕಿಡುವವರು ಯಾರು ಎಂಬುದನ್ನೂ ಎಲ್ಲರೆದುರು ಆಗಲೇ ಹೇಳಿಬಿಡು.